ಮಂಗಳ ಕತ್ತರಿಸಿದ ಕಥೆ

ಪೀಣ್ಯದ ನಮ್ಮ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನನ್ನಂಥ ಕಿವಿ ಇನ್ನೊಬ್ಬನಿಗಿಲ್ಲ. ಸೋಬಾನೆ ಕೇಳಿಕೊಂಡೇ ಬೆಳೆದ ಹಳ್ಳಿ ಹೈದ ನಾನು. ಜನಪದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಧಿಮಾಕಿನಲ್ಲಿ, ನಾಲ್ಕು ವರ್ಷದ ಹಿಂದೆ ರಾಯಚೂರು ಕಡೆಯ ಶಿವಮ್ಮಕ್ಕ ಹಾಡಿದ ಕಥೆಯ ಆಲ್ಬಮ್ಮಿನಿಂದ ಕೊನೆಯ ಮಂಗಳದ ಪದವನ್ನು ಕತ್ತರಿಸಿಬಿಟ್ಟೆ. ಅದರ ತುಂಬ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ನಿನ ಧಡಲ್ ಧಡಲ್ ಸದ್ದಿತ್ತು.

"ಮಂಗಳ ಇಲ್ಲದ ಕಥಿ ಮನಿ ದಾಟಬಾರದು, ತಮ್ಮಾ," ಎಂದು ಅಕ್ಕ ಬಿಡುಗಡೆಗೆ ಒಪ್ಪಲಿಲ್ಲ. ಮತ್ತೆ ಹಾಡಿ ಎಂದರೆ, ಮುಗಿದ ಕಥೆಗೆ ಎರಡನೇ ಮಂಗಳ ಇಲ್ಲ ಎಂದರು. ಆ ಗದ್ದಲ ಸೇರಿಸಲು ನಾನೂ ಒಪ್ಪಲಿಲ್ಲ. ಆಲ್ಬಂ ಮೂಲೆಗೆ ಬಿತ್ತು.

ಈ ಯುಗಾದಿ ಕಳೆದ ಮೇಲೆ ಅಕ್ಕ ತಾವೇ ಬಂದರು. "ದನಿ ಒಡದೈತೋ. ಇನ್ನ ನನ್ನ ಹಾಡು ಅಂದ್ರ ಅದೊಂದ. ಆ ಮಂಗಳ ಒಮ್ಮೆ ಕೇಳಸು."

ಕತ್ತರಿಸಿಟ್ಟಿದ್ದ ತುಣುಕು ಹುಡುಕಿ ಹಾಕಿದೆ. ಅಕ್ಕ ತೊಡೆ ತಟ್ಟತೊಡಗಿದರು. ಒಂದೊಂದು ಧಡಲ್‌ಗೂ ಸರಿಯಾಗಿ ಅವರ ಕೈ ಬೀಳುತ್ತಿತ್ತು.

"ಅಕ್ಕಾ, ಮಿಷನ್ ಜೊತೆಗೇ ಹಾಡಿದ್ರಾ?"

"ಮತ್ತ? ದಿನಾ ಫ್ಯಾಕ್ಟರ್ಯಾಗ ಅಂಥಾದ್ರ ಮುಂದ ನಿಂತು ದುಡಿಯಾಕಿ ನಾ. ತಾಳ ಸಿಕ್ತು, ಹಿಡಕೊಂಡೆ. ಭಾರಿ ಕಿವಿ ಅಂತಿದ್ದಿ, ಇದು ಕೇಳಲಿಲ್ಲೇನ?"

ಅವತ್ತೇ ಆ ಮಂಗಳವನ್ನು ಧಡಲ್ ಸಮೇತ ಆಲ್ಬಮ್ಮಿಗೆ ಸೇರಿಸಿದೆ. ಹೋದ ವಾರ ಆಲ್ಬಂ ಹೊರಬಂತು. ನನ್ನ ಎದೆ ಮೇಲಿನ ಕಲ್ಲು ಇಳಿಯಿತು. ಕೇಳಿದವರೆಲ್ಲ ಆ ತಾಳ ಯಾರದು ಅಂತಾರೆ. ಕತ್ತರಿಸಿದ್ದು ಯಾರು ಅಂತ ಯಾರೂ ಕೇಳಿಲ್ಲ. ಅಳಿಸದೆ ಜೋಪಾನ ಮಾಡಿದ್ದು ಯಾರು ಅಂತಲೂ ಕೇಳಿಲ್ಲ, ಅದನ್ನು ಮಾತ್ರ ನಾನೇ ಹೇಳ್ಕೊಂಡು ತಿರುಗ್ತಿದೀನಿ.