ನಾನೇ ರೆಫ್ಯೂಸ್ ಮಾಡಿದ ಪತ್ರ

೧೯೯೨ರಲ್ಲಿ ನಾವು ವಿಜಯವಾಡದ ಪಟಮಟದಲ್ಲಿದ್ದೆವು. ನಮ್ಮವರು ಬ್ಯಾಂಕ್ ಆಫೀಸರ್. ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆಗಿ ಆಗಿ, ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಬಿ.ಎಡ್. ಮಾಡಿದ್ದ ನಾನು ಒಂದು ಕಡೆಯೂ ಕೆಲಸಕ್ಕೆ ಸೇರಿರಲಿಲ್ಲ. ಆಗ ನನಗೆ ನಲವತ್ತನಾಲ್ಕು.

ಆ ವರ್ಷ ಒಂದು ಮ್ಯಾಗಜೀನಿನಲ್ಲಿ ಪ್ರೆಷರ್ ಕುಕ್ಕರಿನ ಸ್ಲೋಗನ್ ಕಾಂಪಿಟೀಶನ್ ಬಂದಿತ್ತು. ಕೂಪನ್ ಕತ್ತರಿಸಿ, ಹೆಸರು, ವಿಳಾಸ, ಹೊಸದಾಗಿ ಬಂದಿದ್ದ ಫೋನ್ ನಂಬರು ಎಲ್ಲಾ ಚೆಂದದ ಅಕ್ಷರದಲ್ಲಿ ತುಂಬಿ ಕಳಿಸಿದೆ. ಕನ್ಸೊಲೇಶನ್ ಪ್ರೈಜ್ ಅಂತ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಬಂತು. ಅದರ ಹಿಂದೆಯೇ ಶುರುವಾಯಿತು ನೋಡಿ! ನೈಲಾನ್ ಸೀರೆಯ ಕ್ಯಾಟಲಾಗು, ಕೂದಲೆಣ್ಣೆ, ಇಪ್ಪತ್ತು ವಾಲ್ಯೂಮಿನ ಎನ್‌ಸೈಕ್ಲೋಪೀಡಿಯಾ, "ಡಿಯರ್ ಮೇಡಂ, ಯು ಹ್ಯಾವ್ ಬೀನ್ ಸ್ಪೆಶಲಿ ಸೆಲೆಕ್ಟೆಡ್" ಅನ್ನುವ ಲಕ್ಕಿ ಡ್ರಾ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಫೋನು. ಒಂದು ದಿನ ವ್ಯಾಕ್ಯೂಮ್ ಕ್ಲೀನರಿನವನು ಫ್ರೀ ಡೆಮೊ ಎಂದು ಬಂದು, ನಮ್ಮ ಹಾಸಿಗೆಯಿಂದಲೇ ಒಂದು ಹಿಡಿ ಧೂಳು ತೆಗೆದು ತೋರಿಸಿ ಮಾನ ಕಳೆದು ಹೋದ.

ಇದಕ್ಕೆಲ್ಲ ನಾನು ಏನು ಮಾಡಿದೆ ಗೊತ್ತೆ? ಪ್ರತಿಯೊಂದಕ್ಕೂ ಉತ್ತರ ಬರೆದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಬರ್ನಡೆಟ್ ಕಲಿಸಿದ್ದು ಹಾಗೆ: ಬಂದ ಪತ್ರಕ್ಕೆ ಉತ್ತರ ಬರೆಯದವಳು ಇಲ್‌ಮ್ಯಾನರ್ಡ್ ಗರ್ಲ್. "ಡಿಯರ್ ಸರ್, ಥ್ಯಾಂಕ್ ಯು ಫಾರ್ ಯುವರ್ ಕೈಂಡ್ ಲೆಟರ್. ಐ ರಿಗ್ರೆಟ್ ಟು ಇನ್‌ಫಾರ್ಮ್ ಯು..." ಎಂದು ಇನ್‌ಲ್ಯಾಂಡಿನ ಮೇಲೆ ಇನ್‌ಲ್ಯಾಂಡು. ನಾನು ಬರೆದಷ್ಟೂ ಅವು ಹೆಚ್ಚಾದವು. ಸಂಜೆ ನಮ್ಮವರು ಬಂದು ಟೀಪಾಯಿ ನೋಡಿ, "ಏನ್ ಮಹಾರಾಣಿ, ಇವತ್ತು ಎಷ್ಟು ಜನ ಪೆನ್‌ಫ್ರೆಂಡ್ಸು?" ಅನ್ನೋರು.

ಅಷ್ಟರಲ್ಲಿ ಅವರಿಗೆ ವಿಶಾಖಪಟ್ಟಣಕ್ಕೆ, ಅಂದರೆ ವೈಜಾಗಿಗೆ, ಟ್ರಾನ್ಸ್‌ಫರ್ ಎಂದು ಸುದ್ದಿ ಬಂತು. ಅಲ್ಲಿನ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಬೇಕೆಂದು ಪೇಪರಿನಲ್ಲಿ ನೋಡಿದೆ. ವಯಸ್ಸು ನಲವತ್ತೈದರ ಒಳಗೆ. ನನಗೆ ಉಳಿದಿದ್ದದ್ದು ಅದೊಂದೇ ಅವಕಾಶ. ಅರ್ಜಿ ಹಾಕಿ, ನಮ್ಮ ಪೋಸ್ಟ್‌ಮ್ಯಾನ್ ಅಪ್ಪಾರಾವು ಬರುವ ಹೊತ್ತಿಗೆ ದಿನಾ ಗೇಟಿನಲ್ಲಿ ನಿಲ್ಲುತ್ತಿದ್ದೆ.

"ವೈಜಾಗಿಂದ ಏನಾದ್ರೂ ಬಂತಾ?"

"ಲೇದಮ್ಮಾ, ಇಲ್ಲ. ಬಾಂಬೆಯಿಂದ ನಾಲ್ಕು, ಮದ್ರಾಸಿಂದ ಎರಡು," ಎಂದು ಕಟ್ಟು ಕೈಗಿಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಅಮ್ಮಗಾರೂ, ಇವರಿಗೆಲ್ಲ ಉತ್ತರ ಬರೀತೀರಾ?"

ಬರೆಯುತ್ತೇನೆ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನನ್ನ ಹರುಕು ತೆಲುಗಿಗೆ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದ: "ಅಯ್ಯೋ ಅಮ್ಮಾ, ನೀವು ಬೇಡ ಅಂತ ಬರೆದ್ರೂ ಅವರಿಗೆ ಸಂತೋಷವೇ. ಈ ಅಡ್ರೆಸ್ಸು ಸರಿ ಇದೆ, ಇಲ್ಲಿ ಓದೋರಿದ್ದಾರೆ ಅಂತ ತಿಳಿಯತ್ತೆ. ಆ ಲಿಸ್ಟು ಇನ್ನೊಬ್ಬರ ಕೈಗೂ ಹೋಗತ್ತೆ. ಕವರ್ ಒಡೀಲೇಬೇಡಿ. ಮೇಲೆ 'ರೆಫ್ಯೂಸ್ಡ್' ಅಂತ ಬರೆದು ಸೈನ್ ಹಾಕಿ ನನಗೆ ಕೊಡಿ. ಬಂದ ದಾರೀಲೇ ವಾಪಸ್ಸು."

ಮೊದಲ ಕವರಿನ ಮೇಲೆ ಬರೆಯುವಾಗ ಕೈ ಹಿಂಜರಿಯಿತು. ಸಿಸ್ಟರ್ ಎಲ್ಲಿಂದಲೋ ನೋಡುತ್ತಿದ್ದಾರೆ ಅನಿಸಿತು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಖುಷಿಯೇ ಆಗತೊಡಗಿತು! ಕುಕ್ಕರ್ ಕಂಪನಿಗೂ ಒಂದೇ ಒಂದು ಪತ್ರ ಬರೆದೆ: ನಿಮ್ಮ ಲಿಸ್ಟಿನಿಂದ ನನ್ನ ಹೆಸರು ತೆಗೆಯಿರಿ, ಇನ್ನು ಯಾರಿಗೂ ಕೊಡಬೇಡಿ. ಥ್ಯಾಂಕ್ಸೂ ಇಲ್ಲ, ರಿಗ್ರೆಟ್ಟೂ ಇಲ್ಲ. ಫೋನಿನಲ್ಲೂ "ಬೇಡ, ಮತ್ತೆ ಮಾಡಬೇಡಿ" ಎಂದು ಹೇಳಿ ಇಡಲು ಕಲಿತೆ. ಎರಡು ತಿಂಗಳಲ್ಲಿ ಕಟ್ಟು ಸಣಕಲಾಯಿತು. ನಮ್ಮವರೇ, "ಪರವಾಗಿಲ್ವೇ, ಪೆನ್‌ಫ್ರೆಂಡ್ಸೆಲ್ಲ ಟೂ ಬಿಟ್ರಾ?" ಅಂದರು.

ಜಂಬ ಬಂದಿತ್ತು ನನಗೆ. ಒಂದು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಗೇಟಿನಲ್ಲಿ ಬೆಲ್ಲು. ಐದು ಕವರು. ಎಲ್ಲದರ ಮೇಲೂ ಟೈಪ್ ಮಾಡಿದ ಲೇಬಲ್ಲು. ಓದಲೂ ಇಲ್ಲ, ಐದಕ್ಕೂ ರೆಫ್ಯೂಸ್ಡ್ ಎಂದು ಬರೆದು ಸೈನ್ ಹಾಕಿ, ಗೇಟಿನ ಮೇಲಿಂದಲೇ ಕೊಟ್ಟು ಒಳಗೆ ಓಡಿದೆ.

ಅದೇ ದಿನ ನಾಲ್ಕು ಗಂಟೆಗೆ ಅಪ್ಪಾರಾವು ಮತ್ತೆ ಬಂದ. ಖಾಕಿ ಇಲ್ಲ, ಪಂಚೆ ಉಟ್ಟು, ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡಿದ್ದ. ಕೈಯಲ್ಲಿ ಉದ್ದನೆಯ ಬ್ರೌನ್ ಕವರು.

"ಅಮ್ಮಾ, ಇದನ್ನ ನಾನು ವಾಪಸ್ ಹಾಕಲಿಲ್ಲ. ಸ್ಟ್ಯಾಂಪ್ ನೋಡಿ."

ನೋಡಿದೆ. ಸ್ಟ್ಯಾಂಪು ಸೊಟ್ಟಗೆ ಅಂಟಿತ್ತು, ಅಂಚಿನಲ್ಲಿ ಗೋಂದು ಹೊರಬಂದು ಒಣಗಿತ್ತು.

"ಕಂಪನಿಯವರು ಮೆಷಿನ್ನಲ್ಲಿ ಮುದ್ರೆ ಒತ್ತಿಸಿ ಸಾವಿರಗಟ್ಟಲೆ ಕಳಿಸ್ತಾರೆ. ಇದನ್ನ ಯಾರೋ ಕೈಯಾರೆ ಅಂಟಿಸಿದ್ದಾರೆ. ಮುದ್ರೆ ವೈಜಾಗಿಂದು. ನೀವು ದಿನಾ ಕೇಳ್ತಿದ್ದದ್ದು ಇದನ್ನೇ ಅಲ್ವಾ?"

ಕವರು ಕಸಿದುಕೊಂಡೆ. ಒಡೆಯಲು ಹೋದರೆ ಅವನು ತಡೆದ. "ತಾಳಿ ತಾಳಿ. ರೂಲ್ಸ್ ಪ್ರಕಾರ ಇದು ಹೋಗಬೇಕಿತ್ತು. ಮೊದಲು ರೆಫ್ಯೂಸ್ಡ್ ಹೊಡೆದು ಹಾಕಿ, ಪಕ್ಕದಲ್ಲಿ ಸೈನ್ ಮಾಡಿ. ಆಮೇಲೆ ನಿಮ್ಮದು." ಹಿಂದೆ ಕೂತಿದ್ದ ಮಗಳು ಕಿಸಕ್ಕನೆ ನಕ್ಕಳು.

ಒಳಗೆ ಇಂಟರ್‌ವ್ಯೂ ಕಾಗದ. ಇನ್ನು ನಾಲ್ಕೇ ದಿನ. ಆ ಕವರು ಮರಳಿ ಹೋಗಿದ್ದರೆ ಸ್ಕೂಲಿನವರು ಏನೆಂದುಕೊಳ್ಳುತ್ತಿದ್ದರು? ನನಗಂತೂ ಗೊತ್ತೇ ಆಗುತ್ತಿರಲಿಲ್ಲ. ಇವತ್ತಿಗೂ ಕಾಯುತ್ತಿದ್ದೆನೇನೋ.

ರಾತ್ರಿ ರೈಲಿನಲ್ಲಿ ವೈಜಾಗಿಗೆ ಹೋದೆವು. ಪ್ರಿನ್ಸಿಪಾಲ್ ಮೇಡಂ ನೇವಿ ಆಫೀಸರೊಬ್ಬರ ಹೆಂಡತಿ, ಕಡಕ್ ಇಸ್ತ್ರಿಯ ಕಾಟನ್ ಸೀರೆ. ನನ್ನ ಕೈಯಲ್ಲಿದ್ದ ಕವರು ಅವರ ಕಣ್ಣಿಗೆ ಬಿತ್ತು. "ಸೋ, ಯು ರೆಫ್ಯೂಸ್ಡ್ ಅಸ್?" ಸುಳ್ಳು ಹೇಳಲು ಬಾರದೆ, ಕುಕ್ಕರಿನಿಂದ ಒಗ್ಗರಣೆಯ ತನಕ ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಏಯ್ತ್ ಸ್ಟ್ಯಾಂಡರ್ಡಿಗೆ ಲೆಟರ್ ರೈಟಿಂಗ್ ನೀವೇ ತಗೊಳ್ಳಿ," ಅಂದರು. ನಮ್ಮವರಿಗೆ ಮತ್ತೆ ಟ್ರಾನ್ಸ್‌ಫರ್ ಆದಾಗಲೂ ನಾನು ಅಲ್ಲೇ ಉಳಿದು, ಹದಿನಾಲ್ಕು ವರ್ಷ ಆ ಸ್ಕೂಲಿನಲ್ಲಿ ಕಲಿಸಿದೆ.

ಪಟಮಟ ಬಿಡುವ ದಿನ ಹೊಸ ವಿಳಾಸ ಅಪ್ಪಾರಾವಿಗೆ ಕೊಟ್ಟು, "ಪತ್ರ ಬಂದ್ರೆ ಅಲ್ಲಿಗೆ ಕಳಿಸಪ್ಪ," ಅಂದೆ. ಆಮೇಲೆ ಎಷ್ಟೋ ತಿಂಗಳು ವೈಜಾಗಿಗೆ ಕವರುಗಳು ಬಂದವು. ಹಳೆಯ ವಿಳಾಸ ಹೊಡೆದು, ಪಕ್ಕದಲ್ಲಿ ಅವನ ದುಂಡು ಅಕ್ಷರದ ಇಂಗ್ಲಿಷಿನಲ್ಲಿ ಹೊಸದು. ತಂಗಿಯ ಕಾಗದ, ಮದುವೆಯ ಕರೆ, ಹಳೇ ಗೆಳತಿಯ ಗ್ರೀಟಿಂಗ್ ಕಾರ್ಡು. ಒಂದೇ ಒಂದು ಕ್ಯಾಟಲಾಗು ಇರಲಿಲ್ಲ. ನನ್ನ ಬದಲು ಅಲ್ಲೇ ಅವನೇ ಆರಿಸುತ್ತಿದ್ದ.

ಈಗ ಮೊಬೈಲಿನಲ್ಲಿ ಲೋನ್ ಬೇಕಾ, ಪ್ಲಾಟ್ ಬೇಕಾ ಎಂದು ದಿನಾ ಕೇಳುತ್ತಾರೆ. ನನಗೆ ತೊಂದರೆಯಿಲ್ಲ. "ನೋ, ಥ್ಯಾಂಕ್ ಯು, ನಂಬರ್ ತೆಗೆದುಬಿಡಿ" ಎಂದು ಇಟ್ಟು ಕಾಫಿ ಕುಡಿಯುತ್ತೇನೆ. ಅದು ಚೆನ್ನಾಗಿ ಬರುತ್ತದೆ ನನಗೆ.

ಬರದೇ ಹೋದದ್ದು ಬೇರೆ. ಸೀರೆ ಕಂಪನಿಗೆ ಬರೆದೆ, ಎಣ್ಣೆ ಕಂಪನಿಗೆ ಬರೆದೆ, ಮುಖ ಕಾಣದ ಮ್ಯಾನೇಜರುಗಳಿಗೆಲ್ಲ ಥ್ಯಾಂಕ್ ಯು ಬರೆದೆ. ಅಷ್ಟು ತಿಂಗಳು ನನ್ನ ವಿಳಾಸವನ್ನು ಕೈಯಾರೆ ಬರೆದು ಕಳಿಸಿದ ಅಪ್ಪಾರಾವಿಗೆ ಒಂದು ಕಾರ್ಡು ಬರೆಯಲಿಲ್ಲ. ಮನೆ ಜೋಡಿಸಿ, ಹೊಸ ಕೆಲಸ, ನಾಳೆ ನಾಳೆ ಎಂದು. ಅವನು ಎಲ್ಲಿದ್ದಾನೋ ಈಗ ತಿಳಿಯದು. ಸಿಸ್ಟರ್ ಹೇಳಿದ ಆ ಇಲ್‌ಮ್ಯಾನರ್ಡ್ ಗರ್ಲ್ ಕೊನೆಗೂ ನಾನೇ ಆದೆ. ತಡವಾಗಿಯಾದರೂ, ಇದು ಅವನಿಗೆ ಬರೆದ ಉತ್ತರ.