ನಾಲ್ಕನೆಯ ಮುಚ್ಚಳ

ಚನ್ನಪಟ್ಟಣದ ಸಾತನೂರು ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ, ಹೆಂಚಿನ ಮಾಡಿನ ಉದ್ದನೆಯ ಕೋಣೆಯಲ್ಲಿ ರಟ್ಟಿನ ಡಬ್ಬಗಳ ಕಾರ್ಖಾನೆಯಿತ್ತು. ಕಾರ್ಖಾನೆ ಎನ್ನುವುದು ಗೌರವದ ಮಾತು. ಐವರು ಕುಳಿತರೆ ಆರನೆಯವರು ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಊರಿನ ಅರಗಿನ ಗೊಂಬೆಗಳು, ಬುಗುರಿಗಳು, ಕುಂಕುಮದ ಭರಣಿಗಳು ಅಂಗಡಿಗೆ ಹೊರಡುವ ಮೊದಲು ಸೇರುತ್ತಿದ್ದ ಡಬ್ಬಗಳು ಅಲ್ಲಿ ತಯಾರಾಗುತ್ತಿದ್ದವು. ಕಿಟಕಿಯ ಪಕ್ಕದಲ್ಲಿ ಎರಕದ ಕಬ್ಬಿಣದ ಒಂದು ಯಂತ್ರ. ಅದರ ಮುಂದೆ ಶಿವಲಿಂಗಮ್ಮ ಇಪ್ಪತ್ತೆರಡು ವರ್ಷ ಕುಳಿತಳು.

ಯಂತ್ರಕ್ಕೆ ಇದ್ದದ್ದು ಒಂದೇ ಕೆಲಸ. ಮುಚ್ಚಳದ ಅಂಚಿನಲ್ಲಿ ಹೆಬ್ಬೆರಳು ಹಿಡಿಯುವಷ್ಟು ಅಗಲದ, ಅರ್ಧಚಂದ್ರಾಕಾರದ ಒಂದು ಕಚ್ಚು ಹಾಕುವುದು. ಕಚ್ಚು ಇಲ್ಲದಿದ್ದರೆ ಮುಚ್ಚಳ ಡಬ್ಬದ ಮೇಲೆ ಬಿಗಿಯಾಗಿ ಕುಳಿತುಬಿಡುತ್ತದೆ. ತೆಗೆಯುವವರು ಉಗುರು ಹಾಕಿ ಕಿತ್ತು ರಟ್ಟನ್ನು ಹರಿಯುತ್ತಾರೆ. ಕೆಳಗೆ ಪೆಡಲು. ತುಳಿದರೆ ಉದ್ದನೆಯ ಸರಳೊಂದು ಮೇಲಿನ ಬಾಗಿದ ಅಲಗನ್ನು ಕೆಳಕ್ಕೆಳೆಯುತ್ತಿತ್ತು, ಕಾಲೆತ್ತಿದರೆ ಸ್ಪ್ರಿಂಗು ಅದನ್ನು ಮೇಲಕ್ಕೊಯ್ಯುತ್ತಿತ್ತು. ಇನ್ನೂ ಮಡಿಸದ ಮುಚ್ಚಳದ ರಟ್ಟುಗಳನ್ನು ಎರಡೆರಡಾಗಿ ಜೋಡಿಸಿ ಅಲಗಿನ ಕೆಳಗಿಡಬೇಕು. ಒಂದು ತುಳಿತಕ್ಕೆ ಎರಡು ಮುಚ್ಚಳ. ಅದು ಆ ಯಂತ್ರವನ್ನು ಬೆಂಗಳೂರಿನ ಮುಚ್ಚಿಹೋದ ಪ್ರೆಸ್ಸೊಂದರಿಂದ ತಂದ, ಕಾರ್ಖಾನೆಯ ಯಜಮಾನ ಸಮದ್ ಸಾಹೇಬರು ಮಾಡಿದ ಕಟ್ಟಳೆ.

ಶಿವಲಿಂಗಮ್ಮನ ಊರು ಕೆಂಗಲ್ಲಿಗೆ ಹತ್ತಿರದ ಹಳ್ಳಿ. ಎರಡೂವರೆ ವರ್ಷಕ್ಕೆ ಬಂದ ಜ್ವರ ಅವಳ ಎಡಗಾಲನ್ನು ಒಣಗಿಸಿಬಿಟ್ಟಿತು. ರಾಗಿ ಹೊಲದಲ್ಲಿ ಕಳೆ ಕೀಳಲು ಕುಕ್ಕರಗಾಲಲ್ಲಿ ಕೂರಲಾಗದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ನಡೆಯಲಾಗದು. ಬೇಸಾಯದ ಮನೆಯಲ್ಲಿ ಇಷ್ಟು ಬಾರದಿದ್ದರೆ ಹೆಣ್ಣಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಮದುವೆಯ ಮಾತು ಎರಡು ಸಲ ಬಂದು ಹಟ್ಟಿಯ ಬಾಗಿಲಲ್ಲೇ ಹಿಂದಿರುಗಿತ್ತು. ಅಣ್ಣ ಗಂಗಹನುಮಯ್ಯ ಕೆಟ್ಟವನಲ್ಲ. ತಂಗಿಗೆ ಎಂದೂ ಗದರಿದವನಲ್ಲ. ಆದರೆ ಆ ಮನೆಯಲ್ಲಿ ಅವಳು ಉಣ್ಣುವಾಗ ತಲೆ ತಗ್ಗಿಸಿಯೇ ಉಣ್ಣುತ್ತಿದ್ದಳು.

೧೯೮೫ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವಳು ರಟ್ಟಿಗೆ ಅಂಟು ಬಳಿಯುವ ಕೆಲಸಕ್ಕೆಂದು ಬಂದಳು. ಸಮದ್ ಸಾಹೇಬರ ಹೆಂಡತಿ ಅಕ್ಬರಿ ಬೇಗಂ ಆಗಲೇ ಅಂಟಿನ ಚಾಪೆಯ ಯಜಮಾನಿ. ಚಾಪೆಯ ಮೇಲೆ ಕಾಲು ಮಡಿಸಲು ಹೆಣಗುತ್ತಿದ್ದ ಹುಡುಗಿಯನ್ನು ಅವರು ಅರ್ಧ ದಿನ ನೋಡಿದರು, ಮಧ್ಯಾಹ್ನ ಗಂಡನನ್ನು ಯಂತ್ರದಿಂದ ಎಬ್ಬಿಸಿ ಅವಳನ್ನು ಕೂರಿಸಿದರು. ಎತ್ತರದ ಸ್ಟೂಲು; ಎಡಗಾಲು ಸುಮ್ಮನೆ ಇಳಿಬಿದ್ದಿರಬಹುದು. ಬಲಗಾಲು ಮಾತ್ರ, ಚಿಕ್ಕಂದಿನಿಂದ ಎರಡು ಕಾಲಿನ ಭಾರ ಹೊತ್ತದ್ದು, ಪೆಡಲಿನ ಮೇಲೆ ಬಿದ್ದರೆ ಯಂತ್ರ ಸರಾಗವಾಗಿ ಇಳಿಯುತ್ತಿತ್ತು. ಸಮದ್ ಸಾಹೇಬರು ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕಚ್ಚಿನ ಅಂಚಿನಲ್ಲಿ ಒಂದು ಎಳೆ ನಾರೂ ಇರಲಿಲ್ಲ.

ಅಂದಿನಿಂದ ಅದು ಅವಳ ಯಂತ್ರ. ಊರಿನಲ್ಲಿ ಅವಳನ್ನು ಕಾಲಿನಿಂದ ಗುರುತಿಸುತ್ತಿದ್ದರು. ಇಲ್ಲಿಯೂ ಕಾಲಿನಿಂದಲೇ, ಆದರೆ ಇನ್ನೊಂದು ಕಾಲಿನಿಂದ. ಬೆಳಗಿನ ಬಸ್ಸಿಗೆ ಹತ್ತಿ ಬಂದು ಸಂಜೆಯ ಬಸ್ಸಿಗೆ ಹೊರಡುವ ಈ ದಿನಚರಿ ಅವಳಿಗೆ ಮನೆಯಲ್ಲಿ ತಲೆಯೆತ್ತಿ ಉಣ್ಣುವ ಹಕ್ಕನ್ನು ಕೊಟ್ಟಿತ್ತು.

ಅಕ್ಬರಿ ಬೇಗಂ ಅವಳಿಗಿಂತ ಹದಿನಾಲ್ಕು ವರ್ಷ ಹಿರಿಯರು. ಅವಳು ಅವರನ್ನು ಬೇಗಮಕ್ಕ ಎನ್ನುತ್ತಿದ್ದಳು. ಅವರು ಅವಳನ್ನು ಶಿವಲಿಂಗಿ ಎನ್ನುತ್ತಿದ್ದರು. ಹತ್ತೂವರೆಗೆ ಅವರ ಫ್ಲಾಸ್ಕಿನ ಚಹಾ ಎರಡು ಲೋಟವಾಗುತ್ತಿತ್ತು. ಅವರು ಕೊಂಕು ಮಾತಿನಲ್ಲಿ ಗಟ್ಟಿಗರು. ಅವಳ ಅತ್ತಿಗೆ ಕಟ್ಟಿಕೊಟ್ಟ ಮುದ್ದೆಯನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ, ಇದನ್ನು ಅಲಗಿನ ಕೆಳಗಿಟ್ಟು ಒಂದು ಸಲ ತುಳಿದರೆ ನಾಳೆಯಿಂದ ಅಲಗು ಹೊಸದು ಬೇಕಾಗುತ್ತದೆ ಎಂದಿದ್ದರು. ಸಮದ್ ಸಾಹೇಬರು ತೀರಿಕೊಂಡಾಗ, ವಿಧವೆಯ ಕಟ್ಟಿನಂತೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗಿದ್ದು ಹೊರಬಂದ ಬೇಗಮಕ್ಕ ಮೊದಲು ಕುಳಿತದ್ದು ಯಂತ್ರದ ಪಕ್ಕದಲ್ಲಿ. ಮಧ್ಯಾಹ್ನದವರೆಗೆ ಕಚ್ಚಿನ ಸದ್ದು ಕೇಳುತ್ತ ಕುಳಿತಿದ್ದು, ಆಮೇಲೆ ಅಂಟು ಕಲಸಲು ಎದ್ದರು. ಅಲ್ಲಿಂದ ಕಾರ್ಖಾನೆ ಮಗ ನಿಯಾಜನ ಕೈಗೆ ಬಂತು.

೨೦೦೫ರ ನಂತರ ಕೆಲಸ ಹೆಚ್ಚಿತು. ಬಿಡದಿಯಲ್ಲಿ ಕಾರಿನ ಕಾರ್ಖಾನೆಯ ಸುತ್ತ ಬಿಡಿಭಾಗ ಮಾಡುವ ಸಣ್ಣ ಸಣ್ಣ ಘಟಕಗಳು ಎದ್ದಿದ್ದವು. ಅವುಗಳಲ್ಲೊಂದು ಪೈಪಿಗೆ ತೊಡಿಸುವ ರಬ್ಬರಿನ ಬಳೆಗಳನ್ನು ತುಂಬಲು ಅಂಗೈಯಗಲದ ಡಬ್ಬ ಕೇಳಿತು. ಗೊಂಬೆಯ ಡಬ್ಬ ಹಬ್ಬಗಳಿಗೆ ಏರಿ ಇಳಿಯುತ್ತಿತ್ತು. ಬಿಡದಿಯ ಡಬ್ಬಕ್ಕೆ ಹಬ್ಬವಿಲ್ಲ, ವಾರವಾರವೂ ಬೇಕು. ಮಾಗಡಿ ಕಡೆಯಿಂದ ಊರಿಗೆ ಸೊಸೆಯಾಗಿ ಬಂದಿದ್ದ ಮಮತಾ ಎಂಬವಳನ್ನು ನಿಯಾಜ್ ಅಂಟಿನ ಕೆಲಸಕ್ಕೆ ಸೇರಿಸಿಕೊಂಡ. ೨೦೦೬ರ ಮಳೆಗಾಲದಲ್ಲಿ ಶಿವಲಿಂಗಮ್ಮನ ಬಲ ಮಂಡಿ ನೋಯತೊಡಗಿತು.

ಮೊದಲು ಸಂಜೆಗೆ ನೋಯುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೆ, ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವಾಗಲೇ. ಅವಳು ಯಾರಿಗೂ ಹೇಳಲಿಲ್ಲ. ಎಡಗಾಲು ಕೆಟ್ಟದ್ದನ್ನು ಜನ ನೋಡಿದ್ದಾರೆ. ಬಲಗಾಲೂ ಕೆಟ್ಟರೆ ಅವಳಿಗೆ ಮತ್ತೆ ತಗ್ಗಿದ ತಲೆಯ ಊಟ, ಹಟ್ಟಿಯ ಮೂಲೆ. ಒಂದು ದಿನ, ಯಾರೂ ನೋಡದಿದ್ದಾಗ, ಅವಳು ಎರಡರ ಬದಲು ನಾಲ್ಕು ರಟ್ಟುಗಳನ್ನು ಅಲಗಿನ ಕೆಳಗಿಟ್ಟು ತುಳಿದಳು. ಅಷ್ಟೇ ಮುಚ್ಚಳ, ಅರ್ಧ ತುಳಿತ. ಮೇಲಿನ ಮೂರು ಚೆನ್ನಾಗಿ ಕತ್ತರಿಸಿದ್ದವು. ನಾಲ್ಕನೆಯದರಲ್ಲಿ ಅಲಗು ಪೂರ್ತಿ ಇಳಿದಿರಲಿಲ್ಲ. ಅರ್ಧಚಂದ್ರ ರಟ್ಟಿನಿಂದ ಬಿಡಿಸಿಕೊಳ್ಳದೆ ನಾಲಗೆಯಂತೆ ಜೋತಿತ್ತು. ಅದನ್ನು ಉಗುರಿನಿಂದ ಹರಿದು ಹಾಕಿದಳು. ಕೆಲವು ದಿನ ಹಾಗೆ ಹರಿದಳು. ಕೆಲಸ ಏರಿದಂತೆ ಅದಕ್ಕೂ ಬಿಡುವಿರಲಿಲ್ಲ. ಕೊನೆಗೆ ನಾಲ್ಕನೆಯ ಮುಚ್ಚಳವನ್ನು ನೋಡದಿರುವುದನ್ನೇ ಅಭ್ಯಾಸ ಮಾಡಿಕೊಂಡಳು. ಯಾರೂ ಏನೂ ಅನ್ನಲಿಲ್ಲ. ಡಬ್ಬ ಹಿಂದಿರುಗಿ ಬರಲಿಲ್ಲ. ಬಹುಶಃ ಮಡಿಸುವಾಗ ತಾನಾಗಿ ಉದುರುತ್ತದೆ ಎಂದುಕೊಂಡಳು. ಹಾಗೆಂದು ನಂಬುವುದು ಅವಳಿಗೆ ಅಗತ್ಯವಾಗಿತ್ತು.

ಬೇಗಮಕ್ಕ ಸಂಜೆ ಹೊರಡುವಾಗ ಒಂದು ಕಟ್ಟು ಮುಚ್ಚಳಗಳನ್ನು ಮನೆಗೊಯ್ಯುವುದು ಶುರುವಾದದ್ದು ಅದಾಗಿ ತಿಂಗಳೊಂದರಲ್ಲಿ. ಶಿವಲಿಂಗಮ್ಮ ಗಮನಿಸಿದಳು. ಅವರು ಕೈಗೆ ಸಿಕ್ಕಿದ್ದನ್ನು ತೆಗೆಯುತ್ತಿರಲಿಲ್ಲ. ರಾಶಿಯಲ್ಲಿ ಬೆರಳಾಡಿಸಿ, ಮೂರು ಬಿಟ್ಟು ಒಂದನ್ನು ಆರಿಸುತ್ತಿದ್ದರು. ಅವಳಿಗೆ ತೋಚಿದ್ದು ಒಂದೇ: ಮಗನಿಗೆ ತೋರಿಸಲು ಸಾಕ್ಷಿ ಕೂಡಿಡುತ್ತಿದ್ದಾರೆ. ಮಮತಾಳನ್ನು ಯಂತ್ರಕ್ಕೆ ಕೂರಿಸುವ ದಿನ ನೋಡುತ್ತಿದ್ದಾರೆ. ಹಗಲೆಲ್ಲ ಇದೇ ಯೋಚನೆಯಾಗಿ, ೨೦೦೬ರ ದೀಪಾವಳಿಯ ಮರುವಾರ ಒಂದು ಸಂಜೆ ಅವಳು ಬಾಗಿಲಲ್ಲಿ ಅಡ್ಡ ನಿಂತಳು.

"ಅದ್ಯಾಕೆ ಬೇಗಮಕ್ಕ, ದಿನಾ ಮನೆಗೆ ಹೊತ್ಕೊಂಡೋಗ್ತೀರಿ?"

"ಇಲ್ಲಿ ಬೆಳಕು ಸಾಲಲ್ಲ ಕಣೆ. ಬೆಳಗ್ಗೆ ಜಗಲಿ ಮೇಲೆ ಕೂತು ಒಸಿ ಒಸಿ ಚೀಟಿ ಅಂಟಿಸ್ತೀನಿ."

"ಇಪ್ಪತ್ತು ವರ್ಸ ಸಾಲ್ತಿದ್ದ ಬೆಳಕು ಈಗೆಲ್ಲೋಯ್ತು?"

ಬೇಗಮಕ್ಕ ತಮ್ಮ ಕಣ್ಣಿನ ಪೊರೆಯ ಬಗ್ಗೆ ಏನೋ ಹಾಸ್ಯ ಮಾಡಿದರು. ಶಿವಲಿಂಗಮ್ಮ ನಗಲಿಲ್ಲ.

"ನನ್ ಕಾಲು ಯಾವಾಗ ಬಿದ್ದೋಯ್ತದೆ ಅಂತ ಕಾಯ್ತಾ ಕುಂತಿದೀರಿ. ನಂಗೊತ್ತಾಯ್ತದೆ. ಕುಂಟಿ ಆದ್ರೇನು, ಕುರುಡಿ ಅಲ್ಲ ನಾನು."

ತನಗೆ ತಾನೇ ಆ ಹೆಸರನ್ನು ಅವಳು ಎಂದೂ ಹೇಳಿಕೊಂಡಿರಲಿಲ್ಲ. ಬೇಗಮಕ್ಕ ಕಟ್ಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದರು. ಅವಳ ಪಕ್ಕದಿಂದ ಸರಿದು ಹೋದರು.

ಮರುದಿನದಿಂದ ಅವಳು ಚಹಾ ಬೇಡವೆಂದಳು. ಆರೂವರೆ ತಿಂಗಳು, ಕೆಲಸದ ಮಾತು ಬಿಟ್ಟರೆ ಇಬ್ಬರ ನಡುವೆ ಮಾತಿರಲಿಲ್ಲ. ಬೇಗಮಕ್ಕನ ಹೆಬ್ಬೆರಳಿಗೆ ಸುತ್ತಿದ ಬಟ್ಟೆಪಟ್ಟಿ ಅವಳಿಗೆ ಕಾಣುತ್ತಿತ್ತು. ಕೇಳಬೇಕೆನಿಸಿದ ದಿನಗಳೂ ಇದ್ದವು. ಎರಡನೆಯ ಲೋಟ ಮಾತ್ರ ದಿನವೂ ಫ್ಲಾಸ್ಕಿನ ಜೊತೆ ಬಂದು, ಒಣಗಿದ್ದು ಒಣಗಿದ್ದ ಹಾಗೆ ಹಿಂದಿರುಗುತ್ತಿತ್ತು.

೨೦೦೭ರ ಮೇ ಹನ್ನೊಂದರ ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಎದ್ದ ಅಕ್ಬರಿ ಬೇಗಂ ಹಾಗೆಯೇ ಗೋಡೆಗೊರಗಿ ಕುಳಿತರು. ಸೊಸೆ ನೀರು ತರುವಷ್ಟರಲ್ಲಿ ಮುಗಿದಿತ್ತು. ಶಿವಲಿಂಗಮ್ಮ ಅವರ ಮನೆಗೆ ಹೋದಳು. ಹೆಂಗಸರು ತುಂಬಿದ ನಡುಮನೆಯ ಹೊಸ್ತಿಲ ಹೊರಗೆ ಕಂಬ ಹಿಡಿದು ನಿಂತಳು. ಒಳಗೆ ಬಾ ಎಂದು ಯಾರೋ ಕರೆದರು. ಕಾಲು ನೋವೆಂದು ಹೇಳಿ ಅಲ್ಲೇ ನಿಂತಳು. ಕಣ್ಣಲ್ಲಿ ನೀರು ಬರಲಿಲ್ಲ. ಸಿಟ್ಟು ಇನ್ನೂ ಇತ್ತು, ಅದನ್ನು ಯಾರ ಮೇಲೆ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಮೂರು ದಿನದ ನಂತರ ಕೆಲಸ ಶುರುವಾಯಿತು. ಅಲ್ಲಿಂದ ಎರಡು ವಾರ ಕಳೆಯುವುದರೊಳಗೆ ಬಿಡದಿಯಿಂದ ಎರಡು ಚೀಲ ಡಬ್ಬ ಹಿಂದಕ್ಕೆ ಬಂತು. ನಿಯಾಜ್ ಒಂದೊಂದೇ ತೆಗೆದು ನೋಡಿದ. ಕಚ್ಚು ಇರಬೇಕಾದಲ್ಲಿ ರಟ್ಟಿನ ನಾಲಗೆ ಜೋತಿತ್ತು, ಕೆಲವು ಅಂಟಿನಲ್ಲಿ ಮಡಚಿ ಒಣಗಿದ್ದವು. ಇಷ್ಟು ವರ್ಷದಲ್ಲಿ ಒಂದು ಡಬ್ಬವೂ ಹೀಗೆ ಬಂದದ್ದಿಲ್ಲ, ಅಲಗು ಮೊಂಡಾಗಿದೆಯೇ ಎಂದು ಅವಳನ್ನು ಕೇಳಿದ. ಅವಳು ಹೌದೆಂದಳು. ಅವನು ಆ ಸಂಜೆಯೇ ಅಲಗು ಬಿಚ್ಚಿ ಸಾಣೆ ಹಿಡಿಸಲು ರಾಮನಗರಕ್ಕೆ ಒಯ್ದ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಒಂದು ಬಟ್ಟೆ ಚೀಲ ಹಿಡಿದು ಬಂದಳು. ನಿಯಾಜ್ ಇನ್ನೂ ಬಂದಿರಲಿಲ್ಲ. ಅತ್ತೆಯ ಮಂಚದ ಕೆಳಗೆ ಸಿಕ್ಕಿತು, ಯಾರಿಗೆ ಕೊಡಬೇಕೋ ತಿಳಿಯಲಿಲ್ಲ ಎಂದು ಚೀಲವನ್ನು ಅಲಗಿಲ್ಲದ ಯಂತ್ರದ ಮೇಲಿಟ್ಟಳು. ಒಳಗೆ ಒಂದು ಕಟ್ಟು ಮುಚ್ಚಳ. ಮೇಲಿನ ಅರ್ಧದಲ್ಲಿ ಕಚ್ಚು ಕತ್ತರಿಯಿಂದ ಸರಿಯಾಗಿತ್ತು, ಕೆಳಗಿನ ಅರ್ಧದಲ್ಲಿ ನಾಲಗೆ ಹಾಗೆಯೇ ಇತ್ತು.

"ಇದು ಇನ್ಮೇಲೆ ಯಾರು ಕತ್ತರಿಸ್ತಾರಕ್ಕ?" ಎಂದಳು ಆ ಹುಡುಗಿ, ಕೇವಲ ತಿಳಿದುಕೊಳ್ಳುವ ದನಿಯಲ್ಲಿ. "ಅತ್ತೆ ದಿನಾ ಬೆಳಕಾದ ತಕ್ಷಣ ಇದನ್ನೇ ಹಿಡ್ಕೊಂಡ್ ಕೂರ್ತಿದ್ರು. ಕಣ್ಣು ಕಾಣದೆ ಎಷ್ಟು ಸಲ ಬೆರಳು ಕೊಯ್ಕೊಂಡ್ರು. ನಾನು ಮಾಡ್ತೀನಿ ಅಂದ್ರೆ ಕೊಡ್ತಿರ್ಲಿಲ್ಲ. ನೀನು ಯಾರ ಹತ್ರಾನೂ ಬಾಯಿಬಿಡಬೇಡ ಅಂದಿದ್ರು. ಈಗ ಹೇಳ್ಬಹುದು ಅಲ್ವಾ?"

ಶಿವಲಿಂಗಮ್ಮ ಹೂಂ ಎಂದಳು. ಹುಡುಗಿ ಹೋದ ಮೇಲೂ ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು.

ಹನ್ನೊಂದು ಗಂಟೆಯ ಸುಮಾರಿಗೆ ನಿಯಾಜ್ ಅಲಗಿನೊಂದಿಗೆ ಬಂದ. ಸಾಣೆಯವನು ನಕ್ಕು, ಇದು ಹೊಸ ಕತ್ತಿಯ ಹಾಗಿದೆ, ನನ್ನ ಹತ್ತಿರ ಯಾಕೆ ತಂದೆ ಎಂದನಂತೆ.

"ಅಲಗು ಸರಿಯಾಗೇ ಐತೆ ಕಣಪ್ಪ," ಎಂದಳು ಶಿವಲಿಂಗಮ್ಮ. "ನೆನ್ನೆ ನಿಂಗೆ ಸುಳ್ಳೇಳ್ದೆ. ನನ್ ಕಾಲು ಸೋತೋಗೈತೆ. ನಾಲ್ಕ್ ನಾಲ್ಕು ಇಟ್ಟು ತುಳೀತಿದ್ದೆ. ಕೆಳಗಿಂದು ಕತ್ತರಿಸ್ತಿರ್ಲಿಲ್ಲ. ನಿಮ್ಮವ್ವ ಮನೇಲಿ ಕೂತು ಕತ್ತರಿ ಆಡಿಸ್ತಿದ್ರು."

ನಿಯಾಜ್ ಅಂಟಿನ ಚಾಪೆಯ ಅಂಚಿನಲ್ಲಿ ಕುಳಿತ. ಎಷ್ಟು ದಿನದಿಂದ ಎಂದು ಕೇಳಿದ, ಅವಳು ಹೇಳಿದಳು. ಆಮೇಲೆ, ಅವಳಿಗೆ ನೋವಾಗಲೆಂದಲ್ಲ, ನೆನಪಾದದ್ದರಿಂದ ಹೇಳಿದ: ಹೋದ ರಂಜಾನಿನಲ್ಲಿ ಕರೆಂಟಿನ ಮೆಷಿನ್ನು ತರೋಣವೆಂದು ತಾನು ತಾಯಿಯನ್ನು ಕೇಳಿದ್ದ, ಬಿಡದಿಯವರಿಂದ ಮುಂಗಡವೂ ಸಿಗುತ್ತಿತ್ತು.

"ಅಮ್ಮಿ ಒಪ್ಲಿಲ್ಲ. ಶಿವಲಿಂಗಿ ತಾನಾಗೇ ಏಳೋವರ್ಗೂ ಆ ಜಾಗಕ್ಕೆ ಕೈ ಹಾಕ್ಬೇಡ ಅಂದ್ರು."

ಅವಳು ಅಲಗನ್ನು ಕೂರಿಸಿಕೊಡು ಎಂದಳು. ಅವನು ಕೂರಿಸಿಕೊಟ್ಟ. ಅವಳು ಚೀಲದಲ್ಲಿ ಕತ್ತರಿಸದೆ ಉಳಿದಿದ್ದ ಮುಚ್ಚಳಗಳನ್ನು ಹೊರಗೆ ತೆಗೆದು, ಒಂದೊಂದನ್ನೇ, ಹಳೆಯ ಗೆರೆಗೆ ಸರಿಯಾಗಿ ಅಲಗಿನ ಕೆಳಗಿಟ್ಟು ತುಳಿದಳು. ಪ್ರತಿ ತುಳಿತಕ್ಕೂ ಮಂಡಿಯಿಂದ ಸೊಂಟದವರೆಗೆ ನೋವು ಏರುತ್ತಿತ್ತು. ನಡುವೆ ನಿಯಾಜ್ ಸಾಕು ಅಕ್ಕ ಎಂದ. ಅವಳು ಮುಗಿಸಿಯೇ ಎದ್ದಳು. ಎದ್ದು, ಮಮತಾಳನ್ನು ಕರೆದು ಸ್ಟೂಲು ತೋರಿಸಿದಳು. ಮಮತಾ ನಿಯಾಜನ ಮುಖ ನೋಡಿದಳು; ನಿಯಾಜ್ ನೆಲ ನೋಡಿದ. ಅಂಟಿನ ಕೆಲಸಕ್ಕೆ ಎತ್ತರದ ಮೇಜೊಂದನ್ನು ಹಾಕಿಸುತ್ತೇನೆ, ನಾಳೆ ಬನ್ನಿ ಎಂದ. ನೋಡೋಣ ಎಂದಳು ಶಿವಲಿಂಗಮ್ಮ.

ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಬಂದಳು. ಆ ಹೊತ್ತಿನಲ್ಲಿ ಅವಳು ಇಪ್ಪತ್ತೆರಡು ವರ್ಷಗಳಲ್ಲಿ ಮನೆಗೆ ಬಂದದ್ದಿಲ್ಲ. ಹಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಗಹನುಮಯ್ಯ ತಲೆಯೆತ್ತಿ, ಯಾಕವ್ವ, ಹುಷಾರಿಲ್ವ ಎಂದ. ಅವಳು ಜಗಲಿಯ ಮೇಲೆ ಕುಳಿತು ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದಳು.

"ಬೇಗಮಕ್ಕ ತೀರ್ಕೊಂಡ್ಬುಟ್ರು ಕಣಣ್ಣ," ಎಂದಳು.

ಗಂಗಹನುಮಯ್ಯ ಹಗ್ಗವನ್ನು ಕೆಳಗಿಟ್ಟ. "ಅದಾಗಿ ಮೂರು ವಾರ ಆಯ್ತಲ್ಲವ್ವ," ಎಂದ ಮೆಲ್ಲಗೆ.

ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವನು ಎದ್ದು ಒಳಗೆ ಹೋಗಿ ನೀರು ತಂದು ಅವಳ ಪಕ್ಕದಲ್ಲಿಟ್ಟ.