ಉದ್ದಕ್ಕೊಂದು ಗೀರು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮುಂದೆ ಎಂ.ಎಸ್ಸಿ. ಪ್ರಾಜೆಕ್ಟಿಗೆ ಜೇಡಗಳನ್ನು ಆರಿಸಿಕೊಂಡೆ. ಕೊಡಿಗೇನಹಳ್ಳಿಯ ನಮ್ಮ ಹೊಲದ ಬೇಲಿಯಲ್ಲಿ, ಸಂಜೆ ದುಂಡನೆಯ ಬಲೆ ಕಟ್ಟಿ ಬೆಳಗಾಗುವುದರೊಳಗೆ ಅದನ್ನು ತಾನೇ ತಿಂದುಬಿಡುವ ಕಂದು ಜೇಡವೊಂದು ಸಿಕ್ಕಿತು.

ನಮ್ಮ ಪ್ರಯೋಗಾಲಯದಲ್ಲೊಂದು ರೂಢಿಯಿತ್ತು. ಹೊಸ ಜೇಡವನ್ನು ಸ್ಪಿರಿಟ್ ಸೀಸೆಗೆ ಹಾಕುವುದು, ಕಪಾಟಿನಲ್ಲಿ ಅದರಂತೆಯೇ ಕಾಣುವ ಹಳೆಯ ಸೀಸೆ ಹುಡುಕುವುದು, ಅದರ ಚೀಟಿಯ ಹೆಸರನ್ನೇ ಇಳಿಸಿಕೊಳ್ಳುವುದು. ಹಳೆಯ ಚೀಟಿಗಳೆಲ್ಲ ನಮ್ಮ ಮಾರ್ಗದರ್ಶಕರ ಕೈಬರಹ. ನನ್ನ ಜೇಡದಂಥದ್ದೇ ಇದ್ದ ಸೀಸೆಯ ಮೇಲೆ ‘ಅರೇನಿಯಸ್’ ಎಂಬ ಕುಲದ ಹೆಸರಿತ್ತು.

ನಾನು ಜೇಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮುಂದಕ್ಕೆ ಬಾಗಿದ್ದ ಹೊಟ್ಟೆಯನ್ನು ಸೂಜಿಯಿಂದ ಸರಿಸಿದೆ. ಎದೆಭಾಗದ ಮೇಲೊಂದು ಗೀರು. ಅರೇನಿಯಸ್ ಕುಲದಲ್ಲಿ ಅದು ಅಡ್ಡಕ್ಕಿರುತ್ತದೆ, ನಿಯೋಸ್ಕೋನಾ ಕುಲದಲ್ಲಿ ಉದ್ದಕ್ಕೆ. ಇದರದ್ದು ಉದ್ದಕ್ಕಿತ್ತು. ಬೇಲಿಯಿಂದ ಇನ್ನೂ ಕೆಲವನ್ನು ಹಿಡಿದು ತಂದೆ. ಬಣ್ಣ ಒಂದೊಂದರದು ಒಂದೊಂದು, ಗೀರು ಮಾತ್ರ ಎಲ್ಲದರದೂ ಉದ್ದಕ್ಕೇ. ‘ನಿಯೋಸ್ಕೋನಾ’ ಎಂದು ಚೀಟಿ ಬರೆದು ಅಂಟಿಸಿದೆ.

“ಏನಮ್ಮಾ, ಇಷ್ಟು ವರ್ಷ ಎಲ್ಲರೂ ಬರೆದಿದ್ದು ತಪ್ಪು, ನೀನೊಬ್ಬಳೇ ಸರಿನಾ?” ಎಂದರು ಮಾರ್ಗದರ್ಶಕರು.

“ಗೀರು ನೋಡಿ ಸರ್.”

“ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?”

“ಜೇಡ ಅಂತಾರೆ ಸರ್. ಅರೇನಿಯಸ್ ಅಂತ ಯಾರೂ ಅನ್ನಲ್ಲ.”

ಪಕ್ಕದ ಮೇಜಿನವರು ನಕ್ಕರು. ಮಾರ್ಗದರ್ಶಕರು ನಗಲಿಲ್ಲ. ಪ್ರಾಜೆಕ್ಟಿಗೆ ಅಂಕ ಹಾಕುವವರು ಯಾರೆಂಬುದನ್ನು ನನಗೆ ನೆನಪಿಸಿದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. “ಹುಳಕ್ಕೆ ಯಾವ ಹೆಸ್ರಾದ್ರೆ ಏನ್ ಕಣಮ್ಮ? ಅವ್ರು ಹೇಳ್ದಂಗೆ ಬರ್ದ್‌ಬುಟ್ಟು ಪಾಸಾಗು” ಎಂದಳು.

“ಹೇಳ್ದಂಗೆ ಬರ್ಯಾಕೆ ಬಸ್ಸಲ್ಲಿ ಅಷ್ಟು ದೂರ ನೇತಾಡ್ಕೊಂಡ್ ಹೋಗ್ಬೇಕಿತ್ತಾ?”

“ಬಾಯಿ ನೋಡು ಇವಳ್ದು! ಅಲ್ಲೂ ಇಂಗೇ ಮಾತಾಡ್ತೀಯಾ?”

“ಇಂಗೇ.”

ಅಮ್ಮ ಮುದ್ದೆ ಬಡಿಸಿದಳು.

ಪ್ರಾಜೆಕ್ಟ್ ಸಲ್ಲಿಸುವ ದಿನ ಮಾರ್ಗದರ್ಶಕರು ಸ್ವಲ್ಪ ಇಳಿದು ಬಂದರು. “ಕುಲದ ಬಗ್ಗೆ ಅನುಮಾನ ಇದೆ ಅಂತ ಹಾಕು. ನಿನಗೂ ನಷ್ಟವಿಲ್ಲ, ನನಗೂ ಇಲ್ಲ.”

“ನನಗೆ ಅನುಮಾನ ಇಲ್ಲವಲ್ಲ ಸರ್.”

ಸೂಕ್ಷ್ಮದರ್ಶಕ ಪಕ್ಕದಲ್ಲೇ ಇತ್ತು. ಅವರು ಬಗ್ಗಿ ನೋಡಲಿಲ್ಲ. ಸಹಿ ಹಾಕಿದರು, ಅಂಕ ಕತ್ತರಿಸಿದರು. ತರಗತಿಯಲ್ಲೇ ಕಡಿಮೆ ಅಂಕ ನನ್ನದಾಯಿತು.

ಅದೇ ಅಂಕಪಟ್ಟಿ ಹಿಡಿದು ಕೆಲಸ ಕೇಳಲು ಹೋದೆ. ಪ್ರಾಜೆಕ್ಟಿನಲ್ಲಿ ಯಾಕಿಷ್ಟು ಕಡಿಮೆ ಎಂದು ಕೇಳಿದವರಿಗೆಲ್ಲ ಜೇಡದ ಚಿತ್ರ ಬರೆದು, ಗೀರು ಎಳೆದು ತೋರಿಸಿದೆ. ಉದ್ದಕ್ಕೇ.